ಕಣ್ಣಿನಲ್ಲೇ ನುಂಗಿದ ಸಕ್ಕರೆ ಹೆಂಗಸು: ಒಂದು ಹಳೆಯ ಫೋಟೊ ಬಗ್ಗೆ ಕೇಳಬೇಕಿತ್ತು

ಹಡ್ಸನ್ ದಂಡೆ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಗೆಂದು ಊರಿನಿಂದ ಬಂದ ಪೊಟ್ಟಣ ಬಿಚ್ಚಿ ಮಗಳ ಕೈಗೆ ಒಂದು ಸಕ್ಕರೆ ಅಚ್ಚು ಕೊಟ್ಟೆ. ಕೊಡ ಹೊತ್ತ ಹೆಂಗಸಿನ ಬೊಂಬೆ. ಅವಳು ಅದನ್ನು ಸ್ವಲ್ಪ ಹೊತ್ತು ಮುದ್ದಾಡಿದಳು, ದಿಂಬಿನ ಮೇಲೆ ಮಲಗಿಸಿ ಕರವಸ್ತ್ರ ಹೊದಿಸಿದಳು. ಆಮೇಲೆ ಎತ್ತಿಕೊಂಡು ತಲೆಯನ್ನು ಬಾಯಿಗಿಟ್ಟು ಕಟಕ್ಕೆಂದು ಕಡಿದಳು. ಮುದ್ದಿಗೂ ಕಡಿತಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ. ಅದನ್ನು ನೋಡಿ ನನಗೆ 2014ರ ಒಂದು ಮಧ್ಯಾಹ್ನ ನೆನಪಾಯಿತು. ಎರಡು ದಿನದಿಂದ ಅದು ತಲೆಯಿಂದ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ನ್ಯೂಜೆರ್ಸಿಯಲ್ಲಿ ಓದುತ್ತಿದ್ದೆ. ಬ್ರೂಕ್ಲಿನ್‌ನಲ್ಲಿ ಈಸ್ಟ್ ನದಿಯ ದಂಡೆಯಲ್ಲಿ ಡೊಮಿನೊ ಸಕ್ಕರೆ ಕಾರ್ಖಾನೆ ಇತ್ತು. ಹತ್ತು ವರ್ಷಗಳ ಹಿಂದೆಯೇ ಕೆಲಸ ನಿಂತುಹೋಗಿದ್ದ ಅದರ ಉಗ್ರಾಣವನ್ನು ಕೆಡವುವ ಮೊದಲು ಕಲಾವಿದೆ ಕಾರಾ ವಾಕರ್ ಅಲ್ಲೊಂದು ಕೃತಿಯನ್ನು ನಿಲ್ಲಿಸಿದ್ದರು. ಹೆಸರು ‘ಎ ಸಟಲ್ಟಿ’. ಯುರೋಪಿನ ಶ್ರೀಮಂತರ ಔತಣದಲ್ಲಿ ಊಟದ ನಡುವೆ ಮೆರೆಸುತ್ತಿದ್ದ ಸಕ್ಕರೆಯ ಶಿಲ್ಪಕ್ಕೆ ಹಿಂದೆ ಹಾಗೆ ಕರೆಯುತ್ತಿದ್ದರಂತೆ. ಮೇ 10ರಿಂದ ಜುಲೈ 6ರವರೆಗೆ, ವಾರದ ಕೊನೆಯ ದಿನಗಳಲ್ಲಿ ಮಾತ್ರ, ಪ್ರವೇಶ ಉಚಿತ.

ಒಳಗೆ ಕಾಲಿಟ್ಟ ತಕ್ಷಣ ವಾಸನೆ ಹಿಡಿದುಕೊಂಡಿತು. ಸುಟ್ಟ ಬೆಲ್ಲದ ವಾಸನೆಗೆ ಹುಳಿ ಬೆರೆತಂತೆ. ದಶಕಗಳ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಗೋಡೆಗಳಿಗೆ ಅಂಟಿ ಕಪ್ಪಗಾಗಿತ್ತು. ದೂರದ ತುದಿಯಲ್ಲಿ, ಮೇಲಿನಿಂದ ಬೀಳುವ ಬೆಳಕಿನಲ್ಲಿ, ಅಚ್ಚ ಬಿಳಿಯ ಸಕ್ಕರೆಯ ಹೆಂಗಸು ಈಜಿಪ್ಟಿನ ಸ್ಫಿಂಕ್ಸ್‌ನಂತೆ ಮುಂಗೈ ಊರಿ ಕುಳಿತಿದ್ದಳು. ಎತ್ತರ ಸುಮಾರು 35 ಅಡಿ, ಉದ್ದ 75 ಅಡಿ. ಮುಖದ ಚಹರೆ ಆಫ್ರಿಕಾ ಮೂಲದ ಕಪ್ಪು ಹೆಂಗಸಿನದು. ತಲೆಗೆ ಅಡುಗೆಮನೆಯ ಆಳುಗಳು ಕಟ್ಟುತ್ತಿದ್ದಂಥ ಬಟ್ಟೆಯ ಗಂಟು. ಮೈಮೇಲೆ ಬೇರೆ ಏನೂ ಇಲ್ಲ. ಅವಳ ಮುಂದೆ ಅಲ್ಲಲ್ಲಿ ಕಾಕಂಬಿ ಬಣ್ಣದ ಹುಡುಗರ ಬೊಂಬೆಗಳು, ಬುಟ್ಟಿ ಹಿಡಿದವು, ಬಾಳೆಗೊನೆ ಹೊತ್ತವು. ಜೂನ್ ತಿಂಗಳ ಸೆಕೆಗೆ ಅವು ಕರಗಿ, ಕಾಲಬುಡದಲ್ಲಿ ರಕ್ತದಂಥ ಮಡುವು ನಿಂತಿತ್ತು.

ನಾವು ನಾಲ್ವರು ಸ್ನೇಹಿತರು. ಹಿಂಭಾಗಕ್ಕೆ ಹೋದೆವು. ಅಲ್ಲಿ ಅವಳ ಪೃಷ್ಠ, ಯೋನಿ ಎಲ್ಲವೂ ತೆರೆದೇ ಇದ್ದವು, ಮನೆಯ ಗೋಡೆಯಷ್ಟು ದೊಡ್ಡದಾಗಿ. ನನ್ನ ಸ್ನೇಹಿತನೊಬ್ಬ ನಾಲಗೆ ಚಾಚಿ ನಿಂತ. ಫೋಟೊ ತೆಗೆದವನು ನಾನು. ಎಲ್ಲರೂ ನಕ್ಕೆವು.

ಆ ಫೋಟೊ ಇನ್ನೂ ನನ್ನ ಬಳಿ ಇದೆ. ನನ್ನ ಪ್ರಶ್ನೆ ಇಷ್ಟು: ತಿನ್ನುವ ವಸ್ತುವಿನಿಂದ ಮನುಷ್ಯರ ಮೈ ಮಾಡಿ ಎದುರಿಗಿಟ್ಟಾಗ ನಮ್ಮೊಳಗೆ ಏಳುವುದು ಯಾವ ಆಸೆ? ಕಲಾವಿದೆ ಅದನ್ನೇ ಕಾಯುತ್ತಿದ್ದರೇ?

ಹಳೇಪೇಟೆ ರಾಘು

ಕ್ಷಮಿಸಿ, ನನಗೆ ಬೇರೆಯೇ ಕಡೆ ಚುಚ್ಚಿತು. ನಮ್ಮ ಅಜ್ಜಿ ತಟ್ಟೆಯಲ್ಲಿ ಅಗುಳು ಬಿಟ್ಟರೆ ಏಳಲು ಬಿಡುತ್ತಿರಲಿಲ್ಲ. ಟನ್‌ಗಟ್ಟಲೆ ಸಕ್ಕರೆ ತಂದು ಬೊಂಬೆ ಮಾಡಿ ಕರಗಿಸಿಬಿಡುವುದನ್ನು ನಾನು ಕಲೆ ಎಂದು ಹೇಗೆ ಒಪ್ಪಲಿ? ಪಡಿತರದ ಸಾಲಿನಲ್ಲಿ ನಿಂತು ಬೆಳೆದವನು ನಾನು. ಆಸೆ, ದೇಹ ಎಂದು ನೀವು ಎಷ್ಟೇ ಹೇಳಿದರೂ ಮೊದಲು ನನ್ನ ಕಣ್ಣಿಗೆ ಬೀಳುವುದು ಚೆಲ್ಲಿದ ಆಹಾರ.

ಹಡ್ಸನ್ ದಂಡೆ

ರಾಘು ಅವರೇ, ಆ ನೋವು ನ್ಯಾಯವಾದದ್ದೇ. ಒಂದು ವಿವರ ಮಾತ್ರ ಸೇರಿಸುತ್ತೇನೆ. ಅವಳು ಒಳಗೂ ಸಕ್ಕರೆಯಾಗಿರಲಿಲ್ಲ. ಒಳಗಿದ್ದದ್ದು ಥರ್ಮಾಕೋಲ್‌ನಂಥ ಪಾಲಿಸ್ಟೈರೀನ್ ದಿಮ್ಮಿಗಳು. ಅದರ ಮೇಲೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಗಾರೆಯಂತೆ ಬಳಿದಿದ್ದರು. ಸಕ್ಕರೆಯನ್ನು ಡೊಮಿನೊ ಕಂಪನಿಯೇ ದಾನವಾಗಿ ಕೊಟ್ಟಿತ್ತು.

ಅಚ್ಚಿನಮನೆ

ನಮ್ಮದು ಮೈಸೂರು. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಮನೆಯಲ್ಲಿ ಸಕ್ಕರೆ ಅಚ್ಚು ಹಾಕುತ್ತೇವೆ. ಅತ್ತೆಯವರ ಕಾಲದ ಮರದ ಅಚ್ಚುಗಳು ಅರವತ್ತಕ್ಕೂ ಹೆಚ್ಚಿವೆ. ಆ ಮಗುವಿನ ಕೈಗೆ ಬಂದಂಥ ಕೊಡ ಹೊತ್ತವಳ ಅಚ್ಚು ನನ್ನ ಬಳಿಯೂ ಇದೆ, ಹಾಗಾಗಿ ಹೇಳುವ ಹಕ್ಕು ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುದಿಸುವಾಗ ಮೇಲಿಂದ ಒಂದು ಸೌಟು ಹಾಲು ಹಾಕಬೇಕು. ಹಾಲು ಒಡೆದು, ಸಕ್ಕರೆಯಲ್ಲಿದ್ದ ಕೊಳೆಯನ್ನೆಲ್ಲ ಹೊತ್ತುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅಷ್ಟು ಬೆಳ್ಳಗಿದ್ದ ಸಕ್ಕರೆಯಿಂದ ಇಷ್ಟು ಕೊಳೆಯೇ ಎಂದು ಪ್ರತಿ ವರ್ಷವೂ ಆಶ್ಚರ್ಯವಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಒಂದೊಂದು ಬಟ್ಟಲಿನಷ್ಟನ್ನೇ ಮತ್ತೆ ಒಲೆಗಿಟ್ಟು, ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತ ಇರಬೇಕು. ಪಾಕ ಹಾಲಿನಂತೆ ಮಬ್ಬಾದ ಗಳಿಗೆಗೆ ಸರಿಯಾಗಿ, ರಾತ್ರಿಯಿಡೀ ನೀರಿನಲ್ಲಿ ನೆನೆದ ಅಚ್ಚಿನೊಳಗೆ ಸುರಿಯಬೇಕು. ಒಂದು ಕ್ಷಣ ತಡವಾದರೂ ಪಾತ್ರೆಯಲ್ಲೇ ಕಲ್ಲಾಗುತ್ತದೆ.

ಅಚ್ಚು ಬಿಡಿಸುವಾಗ ಉಸಿರು ಬಿಗಿಹಿಡಿಯುತ್ತೇವೆ. ಗೋಪುರ, ಆನೆ, ತುಳಸಿಕಟ್ಟೆ ಸುಲಭವಾಗಿ ಬರುತ್ತವೆ. ಹೆಂಗಸಿನ ಬೊಂಬೆ ಮಾತ್ರ ಮುರಿಯುತ್ತದೆ, ಅದೂ ಕೊಡ ಹಿಡಿದ ತೋಳಿನಲ್ಲೇ. ಮುರಿದದ್ದನ್ನು ಮತ್ತೆ ಪಾತ್ರೆಗೆ ಹಾಕಿ ಕರಗಿಸಿ ಇನ್ನೊಂದು ಬೊಂಬೆ ಮಾಡುತ್ತೇವೆ. ರಾಘು ಅವರೇ, ನಮ್ಮಲ್ಲಿ ಏನೂ ಚೆಲ್ಲುವುದಿಲ್ಲ.

ಹಡ್ಸನ್ ಅವರ ಪ್ರಶ್ನೆಗೆ ನನಗೆ ತಿಳಿದ ಉತ್ತರ: ಮಗು ಬೊಂಬೆಯ ತಲೆ ಕಡಿಯುವುದು ಅದನ್ನು ತನ್ನದಾಗಿಸಿಕೊಳ್ಳಲು. ಎಳೆ ಮಗುವಿನ ಕೆನ್ನೆ ಹಿಂಡಿ ‘ಬೆಣ್ಣೆ ಮುದ್ದೆ, ತಿಂದುಬಿಡುತ್ತೇನೆ ನಿನ್ನ’ ಎನ್ನುವುದಿಲ್ಲವೇ ನಾವು? ಅದು ಕೆಟ್ಟ ಆಸೆಯಲ್ಲ. ಆದರೆ ನಿಮ್ಮ ಸ್ನೇಹಿತರು ಮಾಡಿದ್ದು ಅದಲ್ಲ.

ನಾಲೆ ಏರಿ

ಮಂಡ್ಯ ಸೀಮೆಯ ಕಬ್ಬು ಬೆಳೆಗಾರ ನಾನು. ಕಲೆಯ ಬಗ್ಗೆ ಓದಿದವನಲ್ಲ, ಸಕ್ಕರೆಯ ಬಗ್ಗೆ ಗೊತ್ತು. 1933ರಲ್ಲಿ ಮಂಡ್ಯಕ್ಕೆ ಕಾರ್ಖಾನೆ ಬಂದಾಗ ನಮ್ಮ ತಾತ ರಾಗಿ ಬಿಟ್ಟು ಕಬ್ಬು ಹಾಕಿದರು.

ಅಚ್ಚಿನಮನೆ ಅಮ್ಮನವರು ಹೇಳಿದ ಬೂದು ನೊರೆಯಿಂದ ಶುರು ಮಾಡುತ್ತೇನೆ. ಕಬ್ಬಿನ ರಸ ಹುಟ್ಟಾ ಬಿಳಿಯಲ್ಲ, ಮಣ್ಣು ನೀರಿನ ಬಣ್ಣ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಾಯಿಸಿದರೆ ಬೆಲ್ಲ, ಕಂದು. ಕಾರ್ಖಾನೆಯಲ್ಲಿ ರಸಕ್ಕೆ ಸುಣ್ಣ ಬೆರೆಸುತ್ತಾರೆ, ಗಂಧಕ ಸುಟ್ಟ ಹೊಗೆ ಹಾಯಿಸುತ್ತಾರೆ, ಕೊಳೆ ಇಳಿಸಿ ಬತ್ತಿಸಿ ಹರಳುಗಟ್ಟಿಸುತ್ತಾರೆ. ಕೊನೆಗೆ ಗಿರ್ರೆಂದು ತಿರುಗುವ ಯಂತ್ರದಲ್ಲಿ ಹಾಕಿದಾಗ ಬಿಳಿ ಹರಳು ಒಂದು ಕಡೆ ಉಳಿಯುತ್ತದೆ, ಕಪ್ಪು ಕಾಕಂಬಿ ಇನ್ನೊಂದು ಕಡೆ ಹರಿದುಹೋಗುತ್ತದೆ. ಎರಡೂ ಒಂದೇ ಕಬ್ಬಿನ ಮಕ್ಕಳು.

ಬಿಳಿ ಸಕ್ಕರೆಯ ತಾಯಿ, ಕಾಕಂಬಿ ಬಣ್ಣದ ಕರಗುವ ಹುಡುಗರು ಎಂದು ಓದಿದಾಗ ಆ ಹೆಣ್ಣುಮಗಳು ಕಾರ್ಖಾನೆಯ ಒಳಹೊರಗನ್ನು ಅರಿತೇ ಈ ಕೆಲಸ ಮಾಡಿದ್ದಾರೆ ಅನ್ನಿಸಿತು. ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗೆ ಆಫ್ರಿಕಾದಿಂದ ಹಿಡಿದು ತಂದವರ ಮೈಯೇ ಕಚ್ಚಾವಸ್ತುವಾಗಿತ್ತು. ಗಾಣಕ್ಕೆ ಕಬ್ಬು ಕೊಡುವಾಗ ನಿದ್ದೆಗಣ್ಣಿನಲ್ಲಿ ಕೈ ಸಿಕ್ಕಿಕೊಂಡರೆ ತಕ್ಷಣ ತೋಳು ಕತ್ತರಿಸಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು ಎಂದು ಓದಿದ್ದೇನೆ. ನಮ್ಮೂರ ಗಾಣದ ಎದುರು ನಿಂತಾಗಲೆಲ್ಲ ಅದು ನೆನಪಾಗುತ್ತದೆ.

ದೂರದ ಮಾತಲ್ಲ ಇದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪ್ರತಿ ಹಂಗಾಮಿಗೆ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ, ನಮ್ಮ ಉತ್ತರ ಕರ್ನಾಟಕದ ಸೀಮೆಗೂ ಬರುತ್ತಾರೆ. ಇಬ್ಬರೂ ಸೇರಿ ಒಂದು ‘ಕೊಯ್ತಾ’, ಅಂದರೆ ಒಂದು ಕುಡುಗೋಲು ಎಂದು ಲೆಕ್ಕ. ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟಿನ ನೋವಿಗೆ ರಜೆ ಹಾಕುವ ಹಾಗಿಲ್ಲ ಎಂದು ಚಿಕ್ಕ ವಯಸ್ಸಿನ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಆ ದಿನ ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳಲಿಲ್ಲ. ಮರುದಿನ ಹಾಕಿಕೊಂಡೆ.

ಬಣ್ಣದ ಡಬ್ಬಿ

ನಾನು ಚಿತ್ರಕಲೆ ಪಾಠ ಹೇಳುವವಳು. ಈ ಬಗೆಯ ಕೃತಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದಾಗ ರಾಘು ಅವರ ಪ್ರಶ್ನೆಯೇ ಮೊದಲು ಬರುತ್ತದೆ, ಪ್ರತಿ ವರ್ಷ. ಉತ್ತರಿಸುವ ಬದಲು ಇನ್ನೆರಡು ಕೃತಿಗಳನ್ನು ಮುಂದಿಡುತ್ತೇನೆ.

1992ರಲ್ಲಿ ಜನೀನ್ ಆಂಟೋನಿ ಎಂಬ ಕಲಾವಿದೆ 600 ಪೌಂಡ್ ತೂಕದ ಚಾಕೊಲೇಟ್ ದಿಮ್ಮಿ, ಅಷ್ಟೇ ತೂಕದ ಹಂದಿಕೊಬ್ಬಿನ ದಿಮ್ಮಿ ಮಾಡಿಸಿ ಎರಡನ್ನೂ ತಮ್ಮ ಹಲ್ಲಿನಿಂದ ಕಡಿದರು. 600 ಪೌಂಡ್ ಎಂದರೆ 270 ಕಿಲೋಗೂ ಹೆಚ್ಚು. ಉಳಿ, ಸುತ್ತಿಗೆಯ ಬದಲು ಹಲ್ಲು. ಉಗಿದ ಚಾಕೊಲೇಟಿನಿಂದ ಹೃದಯದಾಕಾರದ ಮಿಠಾಯಿ ಪೆಟ್ಟಿಗೆಯ ತಟ್ಟೆಗಳನ್ನು ಮಾಡಿದರು. ಉಗಿದ ಕೊಬ್ಬಿಗೆ ಜೇನುಮೇಣ, ಬಣ್ಣ ಬೆರೆಸಿ ತುಟಿಗೆ ಬಳಿಯುವ ಲಿಪ್‌ಸ್ಟಿಕ್ ಮಾಡಿ ಅಂಗಡಿಯ ಗಾಜಿನ ಬೀರುವಿನಂಥದರಲ್ಲಿ ಜೋಡಿಸಿದರು. ಚಾಕೊಲೇಟಿನ ಅಂಚಿನಲ್ಲಿ ಹಲ್ಲಿನ ಗೀರುಗಳು ಸಾಲುಸಾಲಾಗಿ ಕಾಣುತ್ತವೆ, ಇಲಿ ಕಡಿದ ಕೊಬ್ಬರಿಯಂತೆ. ಹಸಿವು, ಪ್ರೀತಿಯ ಕಾಣಿಕೆ, ಅಲಂಕಾರ ಮೂರೂ ಒಂದೇ ಬಾಯಿಯಿಂದ ಹೊರಟವು. ಇದಕ್ಕಿಂತ ಚೆನ್ನಾಗಿ ಹೆಣ್ಣಿನ ಆಸೆಯ ಬಗ್ಗೆ ಹೇಳಿದ ಶಿಲ್ಪವನ್ನು ನಾನು ಕಂಡಿಲ್ಲ.

ಇನ್ನೊಂದು ಜೋಯಿ ಲೆನರ್ಡ್ ಎಂಬ ಕಲಾವಿದೆಯದು, 1992ರಿಂದ 1997ರವರೆಗೆ ಮಾಡಿದ್ದು. ಹೆಸರು ‘ಸ್ಟ್ರೇಂಜ್ ಫ್ರೂಟ್’. ಏಡ್ಸ್‌ನಿಂದ ಸ್ನೇಹಿತನನ್ನು ಕಳೆದುಕೊಂಡ ಮೇಲೆ ತಿಂದು ಮುಗಿಸಿದ ಕಿತ್ತಳೆ, ಬಾಳೆ, ನಿಂಬೆ, ಬೆಣ್ಣೆಹಣ್ಣಿನ ಸಿಪ್ಪೆಗಳನ್ನು ಸೂಜಿ ದಾರದಲ್ಲಿ ಮತ್ತೆ ಹೊಲಿದರು. ಕೆಲವಕ್ಕೆ ಗುಂಡಿ, ಕೆಲವಕ್ಕೆ ಜಿಪ್. ಹಣ್ಣು ಇಲ್ಲ, ಹಣ್ಣಿನ ಆಕಾರವಿದೆ. ಅಂಥ ಸುಮಾರು 300 ಸಿಪ್ಪೆಗಳನ್ನು ನೆಲದ ಮೇಲೆ ಹರಡುತ್ತಾರೆ. ಅವು ಕೊಳೆಯದಂತೆ ಉಳಿಸುವ ವಿಧಾನವೊಂದನ್ನು ಸಂರಕ್ಷಣಾ ತಜ್ಞರು ಕಂಡುಹಿಡಿದಿದ್ದರು. ಲೆನರ್ಡ್ ಬೇಡವೆಂದರು. ಒಣಗಿ ಮುರುಟುವುದೇ ಆ ಕೃತಿಯ ಕೆಲಸ. ಅದೀಗ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿದೆ.

ನಮ್ಮವರೇ ಆದ ಶೀಲಾ ಗೌಡ ಅವರನ್ನು ಇಲ್ಲಿ ನೆನೆಯಬೇಕು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವವರು. ಅವರು ಆಹಾರವನ್ನಲ್ಲ, ಸಗಣಿ, ಕುಂಕುಮ, ಕೂದಲು, ಧೂಪ ಹೀಗೆ ಮನೆ ಮತ್ತು ಮೈಗೆ ಅಂಟಿದ ವಸ್ತುಗಳನ್ನು ಎತ್ತಿಕೊಂಡರು. ನೂರಾರು ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಅಂಟು, ಕುಂಕುಮದಿಂದ ಒಟ್ಟುಗೂಡಿಸಿ ಮಾಡಿದ ಕೆಂಪು ಹಗ್ಗವೊಂದು ಕೋಣೆಯ ಗೋಡೆ, ನೆಲದ ಮೇಲೆಲ್ಲ ಕರುಳಿನಂತೆ ಸುತ್ತಿಕೊಂಡಿರುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ಉಳಿದಿದೆ. ಹತ್ತಿರ ಹೋದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಟ್ಟಬೇಕೆನ್ನಿಸಿದ ಕ್ಷಣಕ್ಕೇ ಚುಚ್ಚುವ ವಸ್ತು ಅದು.

ಹಳೇಪೇಟೆ ರಾಘು

ಮೇಡಂ, ಸಿಪ್ಪೆಗಳದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಹಣ್ಣನ್ನು ಯಾರೋ ತಿಂದಿದ್ದಾರೆ, ಎಸೆಯುವುದನ್ನು ಎತ್ತಿಟ್ಟಿದ್ದಾರೆ. ನಮ್ಮ ಅಮ್ಮ ಹೋದ ಮೇಲೆ ಅವರು ಅರ್ಧ ಬಳಸಿದ ಉಪ್ಪಿನಕಾಯಿ ಜಾಡಿಯನ್ನು ಅಪ್ಪ ಎರಡು ವರ್ಷ ಯಾರಿಗೂ ಮುಟ್ಟಲು ಬಿಡಲಿಲ್ಲ. ಬೂಸಲು ಹಿಡಿಯಿತು, ಆದರೂ ಬಿಡಲಿಲ್ಲ. ಅದು ಅರ್ಥವಾಗುತ್ತದೆ. 270 ಕಿಲೋ ಚಾಕೊಲೇಟ್ ಕಡಿದು ಉಗಿಯುವುದು ಮಾತ್ರ ನನಗೆ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ.

ಕಾಡುಮಲ್ಲಿಗೆ

ಎಲ್ಲರೂ ಸಕ್ಕರೆಯ ಬಗ್ಗೆ ಮಾತನಾಡಿದಿರಿ. ಆ ಫೋಟೊ ಬಗ್ಗೆ ಅಚ್ಚಿನಮನೆ ಅಮ್ಮ ಒಂದು ವಾಕ್ಯದಲ್ಲಿ ಹೇಳಿ ಬಿಟ್ಟರು. ನಾನು ಬಿಡುವುದಿಲ್ಲ.

ಕನ್ನಡದಲ್ಲಿ ಒಂದು ಮಾತಿದೆ: ಕಣ್ಣಿನಲ್ಲೇ ನುಂಗುವುದು. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಗೆ ಹೋಗುವ ಬಸ್ಸಿನಲ್ಲಿ ಆ ಮಾತಿನ ಅರ್ಥ ನನಗೆ ಗೊತ್ತಾಯಿತು. ನಾನು ಕಂಬಿ ಹಿಡಿದು ನಿಂತಿದ್ದೆ, ಎದುರಿನ ಸೀಟಿನ ಮನುಷ್ಯ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದೊಂದು ಕಾಳಿಗೂ ಒಮ್ಮೆ ನನ್ನನ್ನು ನೋಡುತ್ತಿದ್ದ. ಮುಟ್ಟಲಿಲ್ಲ, ಮಾತನಾಡಲಿಲ್ಲ. ಆದರೂ ಬಸ್ಸಿನಿಂದ ಇಳಿದಾಗ ನನ್ನ ಮೈ ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು. ಬೇರೆ ಮಾತು ನನಗೆ ಸಿಗುತ್ತಿಲ್ಲ.

ಹಡ್ಸನ್ ಅವರೇ, ಕಲಾವಿದೆ ಕಾಯುತ್ತಿದ್ದರೇ ಎಂದು ಕೇಳಿದಿರಿ. ಕಾರಾ ವಾಕರ್ ಅಲ್ಲಿ ಕ್ಯಾಮೆರಾ ಇಟ್ಟು ನೋಡುಗರನ್ನು ಚಿತ್ರೀಕರಿಸಿದ್ದರು. ಅದೇ ವರ್ಷ ‘ಆ್ಯನ್ ಆಡಿಯನ್ಸ್’ ಎಂಬ ವಿಡಿಯೊ ಕೃತಿಯಾಗಿ ಅದನ್ನು ಪ್ರದರ್ಶಿಸಿದರು. ಅಂದರೆ ಕಾಯುತ್ತಿದ್ದರು. ಆದರೆ ಅವರು ಕಾದಿದ್ದರು ಎಂಬುದರಿಂದ ನಿಮ್ಮ ಕೆಲಸ ಅವರ ಕೆಲಸವಾಗುವುದಿಲ್ಲ. ಅವರು ಮೈಯನ್ನು ತೆರೆದಿಟ್ಟರು, ನಾಲಗೆ ಚಾಚಿದವರು ನೀವು. ಆ ದಿನಗಳಲ್ಲೇ ಕಪ್ಪು ಸಮುದಾಯದ ಹಲವರು ಇಂಥ ಫೋಟೊಗಳನ್ನು ನೋಡಿ ನೊಂದು, ಜೂನ್‌ನಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಒಟ್ಟಾಗಿ ಅಲ್ಲಿಗೆ ಬಂದರು. ನಾವೂ ಇಲ್ಲಿದ್ದೇವೆ ಎಂದು ತೋರಿಸಲು. ತಮ್ಮ ಅಜ್ಜಿಯ ಅಜ್ಜಿಯನ್ನು ನೋಡಲು ಬಂದವರ ಪಕ್ಕದಲ್ಲೇ ಅಪರಿಚಿತರು ಅವಳ ಮೊಲೆ ಹಿಡಿದಂತೆ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಹೇಗಿರುತ್ತದೆ?

ಅವಳ ಎಡಗೈ ನೋಡಿದ್ದಿರಾ? ಮುಷ್ಟಿ ಕಟ್ಟಿ, ಬೆರಳುಗಳ ನಡುವಿನಿಂದ ಹೆಬ್ಬೆರಳು ಹೊರಚಾಚಿತ್ತು. ಕೆಲವು ನಾಡುಗಳಲ್ಲಿ ಅದು ಬೈಗುಳ, ಕೆಲವು ಕಡೆ ಕೆಟ್ಟ ಕಣ್ಣು ತಾಗದಿರಲಿ ಎಂದು ಕಟ್ಟಿಕೊಳ್ಳುವ ತಾಯಿತ. ನಮ್ಮ ಮನೆಗಳಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದಿಲ್ಲವೇ, ಹಾಗೆ. ನಿಮ್ಮಂಥ ನೋಟಗಳಿಗೆಂದೇ ಅವಳು ಆ ಮುಷ್ಟಿ ಕಟ್ಟಿದ್ದಳು.

ಬಣ್ಣದ ಡಬ್ಬಿ

ಕಾಡುಮಲ್ಲಿಗೆ, ನಿಮ್ಮ ಮಾತಿಗೆ ಒಂದಕ್ಷರವನ್ನೂ ಸೇರಿಸಲಾರೆ. ಈ ಕೃತಿಯನ್ನು ತರಗತಿಯಲ್ಲಿ ತೋರಿಸುವಾಗ ನಾನು ಮುಂಭಾಗದ ಚಿತ್ರವನ್ನಷ್ಟೇ ತೋರಿಸುತ್ತ ಬಂದಿದ್ದೇನೆ. ಅದು ತಪ್ಪು ಎಂದು ಈಗ ಅನ್ನಿಸುತ್ತಿದೆ. ಮಕ್ಕಳ ಜೊತೆ ಮಾತನಾಡಬೇಕಾದದ್ದು ಹಿಂಭಾಗದಲ್ಲೇ ಇತ್ತು.

ರಾತ್ರಿ ಪಾಳಿ

ಶಿಕಾಗೊದಲ್ಲಿ ನರ್ಸ್ ಆಗಿದ್ದೇನೆ. ಊರು ಹಾಸನದ ಹತ್ತಿರ. ತಡವಾಗಿ ಓದಿದೆ.

ಇಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೋಣೆಯ ಮೂಲೆಯಲ್ಲಿ ಬಣ್ಣಬಣ್ಣದ ಕಾಗದ ಸುತ್ತಿದ ಮಿಠಾಯಿಯ ರಾಶಿ ಇದೆ. ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಎಂಬ ಕ್ಯೂಬಾ ಮೂಲದ ಕಲಾವಿದ 1991ರಲ್ಲಿ ಮಾಡಿದ್ದು. ರಾಶಿಯ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ಅದು ಅವರ ಪ್ರಿಯಕರ ರಾಸ್‌ನ ಹೆಸರಿನ ಭಾವಚಿತ್ರ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದ. ನೋಡಲು ಬಂದವರು ಒಂದೊಂದು ಮಿಠಾಯಿ ತೆಗೆದುಕೊಂಡು ತಿನ್ನಬಹುದು. ರಾಶಿ ಕರಗುತ್ತ ಹೋಗುತ್ತದೆ, ಮ್ಯೂಸಿಯಂನವರು ಮತ್ತೆ ತುಂಬಬಹುದು. ಫೆಲಿಕ್ಸ್ 1996ರಲ್ಲಿ ಅದೇ ರೋಗದಿಂದ ಹೋದರು.

ನಾನು ದಿನವೂ ರೋಗಿಗಳ ತೂಕ ಬರೆದುಕೊಳ್ಳುವವಳು. ಸೋಮವಾರ 61, ಗುರುವಾರ 59, ಮುಂದಿನ ವಾರ 54. ತೂಕ ಇಳಿಯುವುದೆಂದರೆ ಮನುಷ್ಯ ಕಾಗದದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುವುದು. ಆ ರಾಶಿಯ ಮುಂದೆ ಮೊದಲ ಸಲ ನಿಂತಾಗ ಅದು ಏನೆಂದು ಗೊತ್ತಿರಲಿಲ್ಲ. ಒಂದು ಹಸಿರು ಕಾಗದದ್ದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಆಮೇಲೆ ಫಲಕ ಓದಿದೆ. ಬಾಯಲ್ಲಿ ಸಿಹಿ ಇತ್ತು, ಉಗಿಯುವ ಹಾಗಿರಲಿಲ್ಲ, ನುಂಗಲೂ ಆಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಅದು ತಾನಾಗಿ ಕರಗುವವರೆಗೆ ಕುಳಿತಿದ್ದೆ. ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡು ಒಂದು ಗಳಿಗೆ ಕೂರುತ್ತೇವಲ್ಲ, ಹಾಗೆ.

2022ರಲ್ಲಿ ಆ ಫಲಕದಿಂದ ರಾಸ್‌ನ ಹೆಸರು, ಏಡ್ಸ್ ಎಂಬ ಮಾತು ಮಾಯವಾದದ್ದನ್ನು ಜನ ಗಮನಿಸಿ ಪ್ರತಿಭಟಿಸಿದರು, ಮತ್ತೆ ಸೇರಿಸಿದರು. ಹೆಸರು ತೆಗೆದರೆ ಅದು ಬರಿಯ ಮಿಠಾಯಿ. ಹೆಸರಿದ್ದರೆ ಒಬ್ಬ ಮನುಷ್ಯನ ಮೈ. ಕಾಡುಮಲ್ಲಿಗೆ ಅವರು ಹೇಳಿದ್ದೂ ಇದೇ ಎಂದು ನನಗೆ ತೋರುತ್ತದೆ: ನೀವು ತಿನ್ನುತ್ತಿರುವುದು ಯಾರನ್ನು ಎಂದು ಗೊತ್ತಿದ್ದು ತಿನ್ನುವುದಕ್ಕೂ ಗೊತ್ತಿಲ್ಲದೆ ತಿನ್ನುವುದಕ್ಕೂ ಬಹಳ ವ್ಯತ್ಯಾಸ.

ನಾಲೆ ಏರಿ

ತಾಯಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನಮ್ಮ ಚೀಲದ ಮೇಲೂ ಕಾರ್ಖಾನೆಯ ಹೆಸರಿರುತ್ತದೆ, ಕಡಿದವರ ಹೆಸರಿರುವುದಿಲ್ಲ.

ಹಡ್ಸನ್ ದಂಡೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಕಾಡುಮಲ್ಲಿಗೆ ಅವರೇ, ನೀವು ಹೇಳಿದ್ದು ಸರಿ. ಕಲಾವಿದೆ ಕಾಯುತ್ತಿದ್ದರೇ ಎಂದು ಕೇಳಿದ್ದರಲ್ಲಿ ನನ್ನ ಹೊರೆಯನ್ನು ಅವರ ಹೆಗಲಿಗೆ ದಾಟಿಸುವ ಆಸೆ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಿನ್ನೆ ರಾತ್ರಿ ಆ ಸ್ನೇಹಿತನಿಗೆ ಫೋನ್ ಮಾಡಿದೆ. ಅವನಿಗೂ ಈಗ ಹೆಣ್ಣುಮಕ್ಕಳಿದ್ದಾರೆ. ಫೋಟೊ ನೆನಪಿದೆಯೇ ಎಂದು ಕೇಳಿದರೆ ಬಹಳ ಹೊತ್ತು ಸುಮ್ಮನಿದ್ದ. ‘ಅಳಿಸಿಬಿಡು’ ಎಂದ. ಅಳಿಸಲೆಂದೇ ತೆರೆದೆ.

ಆಗ ನೋಡಿದೆ. ಚೌಕಟ್ಟಿನ ಎಡ ಅಂಚಿನಲ್ಲಿ, ದೂರದಲ್ಲಿ, ಕಾಕಂಬಿ ಬಣ್ಣದ ಒಬ್ಬ ಹುಡುಗ ಅರ್ಧ ಕಾಣುತ್ತಿದ್ದಾನೆ. ಬೆನ್ನಿಗೆ ಬುಟ್ಟಿ. ಬುಟ್ಟಿಯಲ್ಲಿ ಏನಿದೆ ಎಂದು ದೊಡ್ಡದು ಮಾಡಿ ನೋಡಿದೆ: ಒಂದು ತೋಳು, ಮುರಿದ ಕಾಲು, ಗುರುತು ಸಿಗದ ತುಂಡುಗಳು. ಸೆಕೆಗೆ ಕುಸಿದ ಹುಡುಗರ ತುಂಡುಗಳನ್ನು ವಾಕರ್ ಉಳಿದ ಹುಡುಗರ ಬುಟ್ಟಿಗೆ ಹಾಕಿಸಿದ್ದರಂತೆ. ಅಂದು ಅವನ ಪಕ್ಕದಲ್ಲೇ ಹಾದುಹೋಗಿರಬೇಕು ನಾನು. ನೆನಪೇ ಇಲ್ಲ.

ಫೋಟೊ ಅಳಿಸಲಿಲ್ಲ. ಸ್ನೇಹಿತನ ಭಾಗವನ್ನು ಕತ್ತರಿಸಿ, ಆ ಹುಡುಗನ ಭಾಗವನ್ನು ಉಳಿಸಿಕೊಂಡೆ.

ಅಚ್ಚಿನಮನೆ

ಆ ಹುಡುಗನ ಚಿತ್ರ ಸಾಧ್ಯವಾದರೆ ಇಲ್ಲಿ ಹಾಕಪ್ಪ. ಮುರಿದ ತೋಳನ್ನು ನಾನು ಯಾವತ್ತೂ ಪಾತ್ರೆಗೇ ಹಾಕಿದವಳು, ಬುಟ್ಟಿಯಲ್ಲಿಟ್ಟು ನೋಡಿಲ್ಲ.